ಎಂಟು ಗೂಟಗಳ ಸೌರಮಂಡಲ

ಟೇಪಿಗೆ ಎರಡು ತುದಿಗಳಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಪಟ್ಟಣದ ಕಚೇರಿಯ ಅಳತೆ ವಿಭಾಗದಲ್ಲಿ ಆ ಎರಡು ತುದಿಗಳ ನಡುವೆ ಎಷ್ಟು ದೂರವಿದೆ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಅಂಕಿ ಓದುವ ತುದಿ ಹಿಡಿದವರಿಗೆ ಕುರ್ಚಿ, ಮೇಜು, ಮೇಜಿನ ಮೇಲೊಂದು ಹೆಸರಿನ ಫಲಕ. ಸೊನ್ನೆಯ ತುದಿ ಹಿಡಿದವರಿಗೆ ಬಿಸಿಲಿಗೊಂದು ಟೋಪಿ. ನಮ್ಮ ಟೇಪಮ್ಮ ಹತ್ತೊಂಬತ್ತು ವರ್ಷಗಳಿಂದ ಸೊನ್ನೆಯ ತುದಿ ಹಿಡಿದುಕೊಂಡು ಬಂದಿದ್ದಳು. ಟೇಪಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಈಗ ಅಂಕಿಯ ತುದಿಯ ಹಿರಿಯ ಅಳತೆಗಾರರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಎರಡು ಹೆಸರುಗಳು ಆಯುಕ್ತರ ಮೇಜಿಗೆ ಹೋಗಿದ್ದವು. ಒಂದು ಟೇಪಮ್ಮನದು, ಇನ್ನೊಂದು ಹಿರಿಯ ಅಳತೆಗಾರರ ಅಕ್ಕನ ಮಗನದು. ಅಕ್ಕನ ಮಗ ಕೆಲಸಕ್ಕೆ ಸೇರಿ ನಾಲ್ಕೇ ವರ್ಷವಾಗಿತ್ತು. ಆದರೆ ಸೇರಿದ ದಿನವೇ ಅಂಕಿಯ ತುದಿ ಅವನ ಕೈಗೆ ಬಂದಿತ್ತು.

"ಸೊನ್ನೆ ಹಿಡಿಯೋಕೆ ಅನುಭವ ಬೇಕು ಮೇಡಂ" ಎಂದು ಅವನು ಟೇಪಮ್ಮನನ್ನು ಆಗಾಗ ಹೊಗಳುತ್ತಿದ್ದ. "ಅಂಕಿ ಬಿಡಿ, ಯಾರು ಬೇಕಾದ್ರೂ ಓದ್ತಾರೆ."

ಹೀಗಿರುವಾಗ ಬೀದಿಯ ತುದಿಯಲ್ಲಿದ್ದ ಶಾಲೆಗೆ ಐವತ್ತು ವರ್ಷ ತುಂಬಿತು. ಪೋಷಕರ ಸಭೆಯಲ್ಲಿ ಹೆಡ್‌ಮೇಡಂ ಒಂದು ಪಠ್ಯಪುಸ್ತಕವನ್ನು ಬಿಚ್ಚಿ, ಕಳ್ಳನನ್ನು ಹಿಡಿದು ತೋರಿಸುವವರಂತೆ ಎತ್ತಿ ಹಿಡಿದರು.

"ನೋಡಿ ಇಲ್ಲಿ. ಸೂರ್ಯನ ಪಕ್ಕದಲ್ಲೇ ಬುಧ, ಅದಕ್ಕೆ ಅಂಟಿಕೊಂಡು ಶುಕ್ರ, ಅದರ ಬೆನ್ನಿಗೆ ಭೂಮಿ. ಎಲ್ಲರೂ ಬಸ್ಸು ಹತ್ತೋಕೆ ನಿಂತ ಹಾಗೆ! ಇದು ಶುದ್ಧ ಸುಳ್ಳು. ಐವತ್ತು ವರ್ಷ ಈ ಸುಳ್ಳನ್ನೇ ಹೇಳಿಕೊಟ್ಟಿದ್ದಾಯ್ತು, ಇನ್ನು ಮೇಲಾದರೂ ನಿಜ ಹೇಳೋಣ. ಸರಿಯಾದ ಅಳತೆಯ ಸೌರಮಂಡಲ ಒಂದು ಬೇಕು. ಯಾರು ಮಾಡಿಕೊಡ್ತೀರಿ?"

ಪೋಷಕರೆಲ್ಲ ತಮ್ಮ ಚಪ್ಪಲಿಗಳನ್ನು ಗಮನವಿಟ್ಟು ನೋಡತೊಡಗಿದರು. ಆಗ ಎರಡನೇ ಸಾಲಿನಿಂದ ಒಂದು ದನಿ ಎದ್ದಿತು. ಅದು ದೊಡ್ಡಕ್ಕನದು. ದೊಡ್ಡಕ್ಕ ಎಂದರೆ ಟೇಪಮ್ಮನ ಗಂಡನ ಅಕ್ಕ. ಮೊಮ್ಮಗಳ ಪರವಾಗಿ ಸಭೆಗೆ ಬಂದಿದ್ದರು.

"ನಮ್ಮ ತಮ್ಮನ ಹೆಂಡ್ತಿ ಇದ್ದಾಳಲ್ಲ, ಟೇಪು ಹಿಡ್ಕೊಳ್ಳೋಕೆ. ಅಂಕಿ ಓದೋಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ನಾಲ್ಕು ಜನ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಟೇಪಮ್ಮ ಎದ್ದು ನಿಂತಳು. ನಿಲ್ಲುವ ತನಕ ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

"ನಾನು ಅಳೆದುಕೊಡ್ತೀನಿ ಮೇಡಂ. ನಾನೇ ಓದಿ. ಒಂದಿಂಚೂ ಆಚೀಚೆ ಆಗಲ್ಲ."

ಮನೆಗೆ ಬಂದ ಮೇಲೆ ಸೌರಮಂಡಲದಲ್ಲಿ ಏನೇನಿದೆ ಎಂದು ಮಗಳ ಪುಸ್ತಕ ತೆಗೆದು ನೋಡಿದಳು.

ಹೆಡ್‌ಮೇಡಂಗೆ ಒಂದೇ ಒಂದು ಆಸೆಯಿತ್ತು. "ಸೂರ್ಯ ಹೇಗಾದರೂ ಇರಲಿ. ಭೂಮಿ ಮಾತ್ರ ಫುಟ್‌ಬಾಲಿನಷ್ಟಾದರೂ ಇರಬೇಕು. ಎಷ್ಟಂದ್ರೂ ನಮ್ಮದಲ್ವಾ."

ಟೇಪಮ್ಮ ಎರಡು ಸಂಜೆ ಕೂತು ಲೆಕ್ಕ ಹಾಕಿದಳು. ಭೂಮಿ ಫುಟ್‌ಬಾಲಿನಷ್ಟಾದರೆ ಸೂರ್ಯ ಎಂಟು ಅಂತಸ್ತಿನ ಕಟ್ಟಡದಷ್ಟಾಗುತ್ತಿದ್ದ. ಕೊನೆಯ ಗ್ರಹವಾದ ನೆಪ್ಚೂನು ಎಪ್ಪತ್ತೆಂಟು ಕಿಲೋಮೀಟರು ಆಚೆ ಹೋಗುತ್ತಿತ್ತು.

"ಅದು ಬೇರೆ ಊರಿನ ವ್ಯಾಪ್ತಿ ಮೇಡಂ. ಅಲ್ಲಿಯ ಕಚೇರಿಯ ಒಪ್ಪಿಗೆ ತರಬೇಕಾಗುತ್ತೆ."

ಒಪ್ಪಿಗೆ ಎಂಬ ಮಾತು ಕೇಳಿದ್ದೇ ಹೆಡ್‌ಮೇಡಂ ಭೂಮಿಯನ್ನು ಕುಗ್ಗಿಸಲು ಒಪ್ಪಿದರು. ಕೊನೆಗೆ ಸೂರ್ಯ ಒಂದು ಮೀಟರಿಗೆ ನಿಂತ. ಗುರು ಒಂದು ದಪ್ಪ ಕಿತ್ತಳೆ ಹಣ್ಣಿನಷ್ಟಾಯಿತು. ಭೂಮಿ ಒಂದು ಬಟಾಣಿ ಕಾಳು. ಟೇಪಮ್ಮ ಕಾಳನ್ನು ಮೇಜಿನ ಮೇಲಿಟ್ಟಾಗ ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇದರೊಳಗೇ ನಾವೆಲ್ಲ ಇದೀವಾ?"

"ಹೌದು ಮೇಡಂ."

"ಶಿಕ್ಷಣ ಇಲಾಖೆನೂ?"

"ಎಲ್ಲಾ ಇಲಾಖೆನೂ."

ಹೆಡ್‌ಮೇಡಂ ಅಂದು ಇಡೀ ದಿನ ಬಹಳ ಹಗುರವಾಗಿ ಓಡಾಡಿದರಂತೆ.

ಸೂರ್ಯನನ್ನು ತಂತಿಯ ಚೌಕಟ್ಟಿಗೆ ಹಳದಿ ಬಟ್ಟೆ ಹೊಲಿದು ಮಾಡಿ, ಶಾಲೆಯ ಗೇಟಿನ ಕಮಾನಿಗೆ ತೂಗುಹಾಕುವುದೆಂದು ತೀರ್ಮಾನವಾಯಿತು. ಅಲ್ಲಿಂದ ಬೀದಿಯುದ್ದಕ್ಕೂ ಎಂಟು ಕಡೆ ಎಂಟು ಗೂಟ, ಒಂದೊಂದು ಗೂಟದ ತಲೆಯ ಮೇಲೆ ಒಂದೊಂದು ಗ್ರಹ. ಗ್ರಹಗಳನ್ನು ಡ್ರಾಯಿಂಗ್ ಮೇಷ್ಟ್ರು ಜೇಡಿಮಣ್ಣಿನಲ್ಲಿ ಮಾಡುತ್ತಿದ್ದರು. ಬಣ್ಣ ಒಣಗಿ ಬರುವುದು ಸೋಮವಾರ ಬೆಳಗ್ಗೆಗೇ. ಉದ್ಘಾಟನೆಯೂ ಆವತ್ತೇ, ಆಯುಕ್ತರಿಂದ. ಆಯುಕ್ತರು ತನ್ನ ಅಳತೆಯನ್ನು ಕಣ್ಣಾರೆ ನೋಡುತ್ತಾರೆ, ನೋಡಿದ ಮೇಲೆ ಆ ಕುರ್ಚಿಯ ವಿಷಯದಲ್ಲಿ ಬೇರೆ ಯೋಚನೆಯೇ ಮಾಡಲಾರರು ಎಂದು ಟೇಪಮ್ಮ ನಂಬಿದ್ದಳು.

ಉಳಿದದ್ದು ಗೂಟ. ಬಡಗಿ ಹತ್ತು ದಿನ ಬೇಕೆಂದ. ಟೇಪಮ್ಮ ಕಚೇರಿಯ ಉಗ್ರಾಣಕ್ಕೆ ಹೋದಳು. ಅಲ್ಲಿ ಮೂಲೆಯಲ್ಲಿ ಒಂದು ಕಟ್ಟು ಗೂಟಗಳು ಬಿದ್ದಿದ್ದವು. ಕೆಂಪು ಮೈ, ಬಿಳಿ ತಲೆ.

"ತಗೊಂಡ್ಹೋಗಿ ಮೇಡಂ" ಎಂದ ಉಗ್ರಾಣದವನು. "ಹನ್ನೊಂದು ವರ್ಷದಿಂದ ಗೆದ್ದಲಿಗೂ ಬೇಡವಾಗಿ ಬಿದ್ದಿವೆ."

ಮಕ್ಕಳಿಗೆ ಕೆಂಪು ಬಣ್ಣ ಇಷ್ಟವಾಗುತ್ತದೆ ಎಂದಷ್ಟೇ ಟೇಪಮ್ಮ ಯೋಚಿಸಿದಳು. ಒಂದರಿಂದ ಎಂಟರವರೆಗೆ ಅಂಕಿ ಬರೆದಳು. ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಆ ಕೆಲಸದ ಸಾಮಾನು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಮರೆತುಹೋಗಿರುತ್ತದೆ.

ಶನಿವಾರ ಬೆಳಗ್ಗೆ ಸೂರ್ಯನನ್ನು ಕಮಾನಿಗೆ ತೂಗುಹಾಕಿದ ಮೇಲೆ ಅಳತೆ ಶುರುವಾಯಿತು. ಸೊನ್ನೆಯ ತುದಿ ಹಿಡಿಯಲು ಗಂಡನನ್ನು ಕರೆತಂದಿದ್ದಳು. ಗಂಡನಿಗೆ ಕನ್ನಡಕ ರಿಪೇರಿಯ ಅಂಗಡಿ. ಯಾರೇ ಎದುರಾದರೂ ಕೈಯೆತ್ತಿ ಮಾತಾಡಿಸುವ ಸ್ವಭಾವ. ಶುಕ್ರನಿಗೂ ಭೂಮಿಗೂ ನಡುವೆ ನಾಲ್ಕು ಜನರಿಗೆ ಕೈಯೆತ್ತಿದ; ಎತ್ತಿದಾಗಲೆಲ್ಲ ಸೊನ್ನೆಯೂ ಮೇಲೆದ್ದಿತು. ನಾಲ್ಕು ಸಲವೂ ಟೇಪಮ್ಮ ಮೊದಲಿಂದ ಅಳೆದಳು.

"ರೀ, ಹಿಡ್ಕೊಂಡಿರೋದು ಸೊನ್ನೆ. ಅದು ಜಾರಿದ್ರೆ ಇಡೀ ವಿಶ್ವ ಜಾರುತ್ತೆ."

"ಅವರು ಬೇಜಾರು ಮಾಡ್ಕೋತಾರೆ ಕಣೇ, ಹಳೇ ಗಿರಾಕಿ."

ಟೇಪಮ್ಮ ಅಳತೆಗಾರರ ಅಭ್ಯಾಸದಂತೆ ಕಚೇರಿಯ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡಿದ್ದಳು. ಗೂಟವನ್ನು ರಸ್ತೆಯ ಅಂಚಿನಲ್ಲಿ ಹೊಡೆಯಬೇಕು. ರಸ್ತೆಯ ಅಂಚು ಎಂದರೆ ಅವಳ ಮಟ್ಟಿಗೆ ನಕ್ಷೆಯಲ್ಲಿದ್ದ ಅಂಚು. ಆದರೆ ನಕ್ಷೆಯಲ್ಲಿದ್ದ ಅಂಚಿನ ಮೇಲೆ ಇಷ್ಟು ವರ್ಷಗಳಲ್ಲಿ ಬೀದಿಯವರು ಮೆಟ್ಟಿಲು ಕಟ್ಟಿಕೊಂಡಿದ್ದರು, ಶೀಟು ಇಳಿಸಿಕೊಂಡಿದ್ದರು, ಗಾಜಿನ ಕಪಾಟು ಇಟ್ಟುಕೊಂಡಿದ್ದರು. ಹಾಗಾಗಿ ಬುಧ ನಲವತ್ತೆರಡು ಮೀಟರಿಗೆ ಔಷಧಿ ಅಂಗಡಿಯ ಕಪಾಟಿನ ಕಾಲ ಬಳಿ ಬಂತು. ಶುಕ್ರ ಬೇಕರಿಯ ಶೀಟಿನ ಕೆಳಗೆ. ಭೂಮಿ ನೂರೇಳಕ್ಕೆ, ಇಸ್ತ್ರಿಯವನ ಮೂರು ಮೆಟ್ಟಿಲುಗಳ ಸಂದಿಯಲ್ಲಿ. ಮಂಗಳ ನೂರ ಅರವತ್ತನಾಲ್ಕಕ್ಕೆ, ದೊಡ್ಡಕ್ಕನ ಗಾಜಿನ ವರಾಂಡದ ಒಳಗೇ, ಹೂವಿನ ಕುಂಡಗಳ ಮಧ್ಯೆ. ದೊಡ್ಡಕ್ಕ ಆಗ ಒಳಗೆ ಸ್ನಾನ ಮಾಡುತ್ತಿದ್ದರು. ಐನೂರ ಅರವತ್ತು ಮೀಟರಿನ ಗುರು ಹಲ್ಲಿನ ಡಾಕ್ಟರ ಗೇಟಿಗೆ ಬಂತು. ಶನಿ, ಯುರೇನಸ್ ದಾಟಿ, ಮೂರು ಕಿಲೋಮೀಟರು ಚಿಲ್ಲರೆಯಲ್ಲಿ ಬಸ್ಸು ಡಿಪೋದ ಗೋಡೆಗೆ ನೆಪ್ಚೂನು ಹೊಡೆದಾಗ ಮಧ್ಯಾಹ್ನವಾಗಿತ್ತು. ಗಂಡ ಡಿಪೋದಲ್ಲೂ ಇಬ್ಬರನ್ನು ಮಾತಾಡಿಸಿದ.

ಅವರು ವಾಪಸು ಬರುವಷ್ಟರಲ್ಲಿ ಬೀದಿ ಎದ್ದು ನಿಂತಿತ್ತು.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಕೆಂಪು ಮೈ, ಬಿಳಿ ತಲೆಯ ಗೂಟಗಳು ಬೀದಿಯ ಎದುರು ಬದಿಯಲ್ಲಿ ಮೂಡಿದ್ದವು. ಏನೆಂದು ಕೇಳಿದವರಿಗೆ ಮಳೆನೀರು ಎಷ್ಟು ಹರಿಯುತ್ತದೆ ಎಂದು ನೋಡುತ್ತಿದ್ದೇವೆ ಎಂದು ಕಚೇರಿಯವರು ಹೇಳಿದ್ದರು. ಎಂಟನೇ ದಿನ ಯಂತ್ರ ಬಂದು ಆ ಬದಿಯ ಮೆಟ್ಟಿಲು, ಶೀಟು, ವರಾಂಡಗಳನ್ನೆಲ್ಲ ರಸ್ತೆ ಅಗಲ ಮಾಡಲು ಬಾಚಿಕೊಂಡು ಹೋಗಿತ್ತು. ಈ ಬದಿಗೆ ತಿರುಗುವಷ್ಟರಲ್ಲಿ ಆಗಿನ ಆಯುಕ್ತರಿಗೆ ವರ್ಗವಾಗಿ ಯಂತ್ರ ನಿಂತಿತ್ತು.

"ಏನ್ರೀ ಟೇಪಮ್ಮ" ಎಂದು ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಅಡ್ಡ ನಿಂತ. "ಇಪ್ಪತ್ತು ವರ್ಷದಿಂದ ನಿಮ್ಮನೆ ಬಟ್ಟೆ ಮಡಿಸ್ತಿದ್ದೀನಿ. ಒಂದ್ಮಾತು ಮೊದಲೇ ಹೇಳ್ಬಾರ್ದಾ?"

"ಅಯ್ಯೋ, ಅದು ಭೂಮಿ ಅಷ್ಟೇ. ಸೂರ್ಯನಿಂದ ಮೂರನೇದು."

"ಅದೇನ್ರೀ ಹಂಗಂದ್ರೆ?"

"ಸೌರಮಂಡಲ! ಗ್ರಹಗಳು. ಶಾಲೆ ಮಕ್ಕಳಿಗೆ."

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಕರಿಯವನು ತಲೆದೂಗಿದ.

"ಹಿಂದಿನ ಸಲ ಮಳೆನೀರು. ಈ ಸಲ ಸೌರಮಂಡಲ. ಕಚೇರಿ ಬೆಳೀತಾ ಇದೆ, ಬಿಡಿ."

"ಮಳೆನೀರಾದ್ರೆ ನಂಬಬಹುದಿತ್ತು" ಎಂದರು ಔಷಧಿ ಅಂಗಡಿಯವರು.

"ನಿಜವಾಗ್ಲೂ ಗ್ರಹಗಳೇ" ಎಂದ ಟೇಪಮ್ಮನ ಗಂಡ. "ನಾನೇ ಸೊನ್ನೆ ಹಿಡಿದಿದ್ದೆ."

"ನೀವು ಪಾಪ, ನಿಮಗೂ ಹೇಳಿರಲ್ಲ ಅವರು."

ಸಂಜೆ ಒಬ್ಬೊಬ್ಬರಾಗಿ ಮನೆಗೆ ಬಂದರು. ಇಸ್ತ್ರಿಯವನು ಕೇಳದೆಯೇ ಎರಡು ಜೊತೆ ಬಟ್ಟೆ ತಂದುಕೊಟ್ಟು, ಗೂಟವನ್ನು ಆರಡಿ ಬೇಕರಿಯ ಕಡೆಗೆ ಸರಿಸಬಹುದೇ ಎಂದು ಕೇಳಿದ. ಹತ್ತು ನಿಮಿಷಕ್ಕೆ ಬೇಕರಿಯವನು ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದು, ತನ್ನದನ್ನು ಆರಡಿ ಇಸ್ತ್ರಿಯವನ ಕಡೆಗೆ ಎಂದ. ಟೇಪಮ್ಮ ಎರಡನ್ನೂ ವಾಪಸು ಕಳಿಸಿದಳು.

"ಅದು ನನ್ನ ಕೈಲಿಲ್ಲ ಕಣಪ್ಪ. ಅದೆಲ್ಲ ಮೇಲಿಂದ ಬಂದ ಅಳತೆ" ಎಂದಳು.

ಇದರಿಂದ ಇದ್ದ ಅನುಮಾನವೂ ಹೋಯಿತು. ಮೇಲಿಂದ ಎಂದಮೇಲೆ ಮುಗಿಯಿತು.

ಹಲ್ಲಿನ ಡಾಕ್ಟರು ಓದಿದವರು. "ಇದು ಗ್ರಹವೇ ಅಂತ ಒಂದು ಕ್ಷಣ ಒಪ್ಪಿಕೊಳ್ತೀನಿ" ಎಂದರು. "ಗುರು ಅಂದ್ರೆ ದೊಡ್ಡದು. ಅಷ್ಟು ದೊಡ್ಡದನ್ನ ಕ್ಲಿನಿಕ್ ಗೇಟಿಗೆ ಇಟ್ರೆ ರೋಗಿಗಳು ಒಳಗೆ ಬರೋದು ಹೇಗೆ?"

"ಕಿತ್ತಳೆ ಹಣ್ಣಿನಷ್ಟು ಸರ್."

"ನೋಡಿದ್ರಾ! ಕಿತ್ತಳೆ ಹಣ್ಣಿಡೋಕೆ ಯಾರಾದ್ರೂ ಮೂರಡಿ ಗೂಟ ಹೊಡೀತಾರಾ?"

ಕೊನೆಗೆ ದೊಡ್ಡಕ್ಕ ಬಂದರು. ಬಾಗಿಲಲ್ಲೇ ನಿಂತರು. ದೊಡ್ಡಕ್ಕನ ಗಾಜಿನ ವರಾಂಡವೆಂದರೆ ಬೀದಿಯ ಎರಡೂ ತುದಿ ಕಾಣುವ ಜಾಗ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದೆಲ್ಲ ಅಲ್ಲಿಂದಲೇ ದಾಖಲಾಗುತ್ತಿತ್ತು.

"ಸ್ನಾನ ಮಾಡಿ ಬರೋಷ್ಟ್ರಲ್ಲಿ ಸ್ವಂತ ಮನೆಯೊಳಗೆ ಗೂಟ ಹೊಡೆಸಿಕೊಂಡೆ. ಸಭೇಲಿ ಒಂದು ಮಾತಂದೆ ಅಂತ ಇಷ್ಟೆಲ್ಲ ಮಾಡ್ಬೇಕಾ ನೀನು?"

"ಹಾಗಲ್ಲ ದೊಡ್ಡಕ್ಕ. ಅದು ಮಂಗಳ. ಅದರ ಜಾಗವೇ ಅಲ್ಲಿ."

"ಸ್ವಲ್ಪ ಆಚೆ ಹಾಕಿದ್ರೆ ಮಂಗಳನ ಗಂಟೇನು ಹೋಗುತ್ತೆ?"

"ನನ್ನ ಅಳತೆ ತಪ್ಪಾಗುತ್ತೆ."

"ನಿನ್ನ ಅಳತೆ!" ದೊಡ್ಡಕ್ಕ ತಮ್ಮನ ಕಡೆ ತಿರುಗಿದರು. "ನೀನಾದ್ರೂ ಹೇಳಬಾರದೇನೋ?"

"ನಾನು ಬರೀ ಸೊನ್ನೆ ಅಕ್ಕ" ಎಂದ ತಮ್ಮ. ಹೀಗೆ ಹೇಳಿಕೊಂಡದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅಕ್ಕನಿಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಭಾನುವಾರ ಬೆಳಗಾಗುತ್ತಲೇ ಬೀದಿಯಲ್ಲಿ ಟಕ್ ಟಕ್ ಎಂಬ ಸದ್ದು. ಟೇಪಮ್ಮ ಹೊರಬಂದು ನೋಡಿದರೆ ಇಸ್ತ್ರಿಯವನು ತನ್ನ ಮೆಟ್ಟಿಲುಗಳನ್ನು ತಾನೇ ಒಡೆಯುತ್ತಿದ್ದ.

"ಏನಿದು? ಬೇಡಪ್ಪಾ! ನಿಲ್ಸು!"

"ಇರ್ಲಿ ಬಿಡಿ. ಹೋದ್ಸಲ ಯಂತ್ರ ಎದುರು ಮನೆಯವರ ಮೆಟ್ಟಿಲು ಕೀಳೋಕೆ ಬಂದು ಬಾಗಿಲನ್ನೂ ಕಿತ್ಕೊಂಡು ಹೋಗಿತ್ತು. ತಾವೇ ಒಡ್ಕೊಂಡೋರಿಗೆ ಕಲ್ಲಾದ್ರೂ ಉಳೀತು."

ಈ ಮಾತು ಬೀದಿಯ ಉದ್ದಕ್ಕೂ ಹೋಯಿತು. ಬೇಕರಿಯವನು ಶೀಟು ಬಿಚ್ಚಿದ. ಔಷಧಿ ಅಂಗಡಿಯವರು ಕಪಾಟನ್ನು ಒಳಗೆಳೆದುಕೊಂಡರು. ಆಮೇಲೆ ತಾವು ಒಳಗೆ ಹೋಗಲು ಜಾಗವಿಲ್ಲದೆ ರಸ್ತೆಯಲ್ಲಿ ನಿಂತು ವ್ಯಾಪಾರ ಮಾಡಿದರು. ಗೂಟಗಳ ನಡುವಿದ್ದವರು ತಮಗೇನೂ ಇಲ್ಲವೆಂದು ಮೊದಲು ಸಮಾಧಾನಪಟ್ಟುಕೊಂಡಿದ್ದರು. ಯಾರೋ ಬುದ್ಧಿವಂತರು ಗೂಟದಿಂದ ಗೂಟಕ್ಕೆ ದಾರ ಕಟ್ಟಿ ನೋಡಿದರು. ದಾರ ಎಲ್ಲರ ಮೆಟ್ಟಿಲ ಮೇಲೂ ಹಾದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಗುರುಗ್ರಹದ ತನಕ ಬೀದಿಯಲ್ಲಿ ಸುತ್ತಿಗೆ ಇಲ್ಲದ ಮನೆ ಇರಲಿಲ್ಲ. ಟೇಪಮ್ಮ ಪಠ್ಯಪುಸ್ತಕ ಹಿಡಿದುಕೊಂಡು ಮನೆಯಿಂದ ಮನೆಗೆ ಓಡಿದಳು. ಚಿತ್ರ ತೋರಿಸಿದಳು. ಅವರು ಚಿತ್ರ ನೋಡಿ, "ಚೆನ್ನಾಗಿದೆ" ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡರು. ಹೆಡ್‌ಮೇಡಂರನ್ನೇ ಕರೆತರೋಣವೆಂದರೆ ಅವರು ತಂಗಿಯ ಮನೆಗೆ ಹೋಗಿದ್ದರು, ಬರುವುದು ಸೋಮವಾರ.

ದೊಡ್ಡಕ್ಕ ಇಬ್ಬರು ಕೆಲಸದವರನ್ನು ಕರೆಸಿ ಗಾಜುಗಳನ್ನು ಒಂದೊಂದಾಗಿ ಬಿಚ್ಚಿಸಿದರು. ಪ್ರತಿ ಗಾಜು ಕೆಳಗಿಳಿದಾಗಲೂ ಟೇಪಮ್ಮನ ಮನೆಯ ಕಡೆ ಒಂದು ಸಲ ನೋಡಿದರು. ಒಟ್ಟು ಇಪ್ಪತ್ತೆರಡು ಗಾಜುಗಳಿದ್ದವು.

ಸಂಜೆ ಹಿರಿಯ ಅಳತೆಗಾರರ ಅಕ್ಕನ ಮಗ ಸ್ಕೂಟರಿನಲ್ಲಿ ಬಂದ. ಬಹಳ ಕನಿಕರದ ಮುಖ ಮಾಡಿಕೊಂಡಿದ್ದ.

"ಏನು ಮೇಡಂ ಇದು? ಕಚೇರಿ ಗೂಟ, ಆದೇಶ ಇಲ್ಲ, ಫೈಲಿಲ್ಲ. ಆಯುಕ್ತರಿಗೆ ದೂರು ಬರೆದಿದ್ದೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಇಲ್ಲೇ ಕೈಗೆ ಕೊಡ್ತೀನಿ. ಇದು ನನ್ನ ಕರ್ತವ್ಯ."

"ಆ ಕುರ್ಚಿ?"

"ಅದೂ ನನ್ನ ಕರ್ತವ್ಯಾನೇ ಮೇಡಂ."

ಅವನು ಹೋದ ಮೇಲೆ ಗಂಡ ಮೆಲ್ಲಗೆ ಹೇಳಿದ. "ಬಾ, ಹೋಗಿ ಎಂಟನ್ನೂ ಕಿತ್ತು ತಂದುಬಿಡೋಣ. ಗೂಟವೇ ಇಲ್ಲ ಅಂದ್ರೆ ದೂರು ಯಾವುದರ ಮೇಲೆ?"

ಟೇಪಮ್ಮ ಚಪ್ಪಲಿ ಮೆಟ್ಟಿದಳು. ಗೇಟಿನ ತನಕ ಹೋದಳು. ಅಲ್ಲಿಂದ ಮೂರನೇ ಗೂಟ ಕಾಣುತ್ತಿತ್ತು. ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು.

"ಸರಿಯಾಗಿ ನೂರೇಳಿದೆ ಕಣ್ರೀ ಅದು" ಎಂದಳು. "ನಾನು ಓದಿದ್ದು."



ಸೋಮವಾರ ಆಯುಕ್ತರ ಕಾರು ಹತ್ತು ನಿಮಿಷ ಮುಂಚೆಯೇ ಬಂದುಬಿಟ್ಟಿತು. ಈ ಬೀದಿಯಲ್ಲಿ ಅವರ ಡ್ರೈವರು ಹಾರ್ನು ಹೊಡೆಯದೆ ಬಂದದ್ದು ಅದೇ ಮೊದಲು. ಹಾರ ಹಿಡಿದ ಶಿಕ್ಷಕಿ ಇನ್ನೂ ಒಳಗೇ ಇದ್ದರು. ಆಯುಕ್ತರು ಇಳಿದು ಬಂದ ದಾರಿಯತ್ತ ತಿರುಗಿ ನೋಡಿದರು.

"ಇದು ಅದೇ ಬೀದಿ ತಾನೇ?" ಎಂದು ಡ್ರೈವರನ್ನು ಕೇಳಿದರು.

ಉತ್ತರ ಬರುವಷ್ಟರಲ್ಲಿ ಬೀದಿಯವರೆಲ್ಲ ಸುತ್ತುವರಿದರು. ಅಕ್ಕನ ಮಗ ಎಲ್ಲರಿಗಿಂತ ಮುಂದೆ ನುಗ್ಗಿ ದೂರಿನ ಕಾಗದ ಕೊಟ್ಟ. ಆಯುಕ್ತರು ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೆ ಹೋಯಿತು.

"ಆದೇಶವಿಲ್ಲದೆ ಗೂಟ ಹೊಡೆದವರು ಯಾರು?"

ಅಷ್ಟೂ ಬೆರಳುಗಳು ಒಂದೇ ಕಡೆ ತಿರುಗಿದವು. ಟೇಪಮ್ಮ ಮುಂದೆ ಬಂದಳು.

"ನಾನು ಸರ್. ಅವು ಗ್ರಹಗಳು."

ಆಗ ಶಾಲೆಯ ಒಳಗಿನಿಂದ ಹೆಡ್‌ಮೇಡಂ ಮಕ್ಕಳ ಸಾಲಿನ ಮುಂದೆ ನಡೆದು ಬಂದರು. ಅವರ ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲಿ ಬಣ್ಣ ಬಳಿದ ಎಂಟು ಉಂಡೆಗಳು. ಏನು ನಡೆದಿದೆ ಎಂಬ ಅರಿವೇ ಇಲ್ಲದೆ ಅವರು ನೇರವಾಗಿ ಮೊದಲ ಗೂಟಕ್ಕೆ ಹೋಗಿ ಒಂದು ಸಣ್ಣ ಮಣಿಯನ್ನು ಅದರ ತಲೆಯ ಮೇಲೆ ಕೂರಿಸಿದರು. ಎರಡನೆಯದಕ್ಕೆ ಇನ್ನೊಂದು. ಮೂರನೆಯದಕ್ಕೆ ನೀಲಿ ಬಣ್ಣದ ಒಂದು ಬಟಾಣಿ. ಮಕ್ಕಳು ಚಪ್ಪಾಳೆ ತಟ್ಟಿದರು.

ಇಸ್ತ್ರಿಯವನು ಬಗ್ಗಿ ಬಟಾಣಿಯನ್ನು ನೋಡಿದ. ಪಕ್ಕದಲ್ಲಿ ರಾಶಿ ಬಿದ್ದಿದ್ದ ತನ್ನ ಕಲ್ಲುಗಳನ್ನು ನೋಡಿದ.

"ಇದಕ್ಕೋಸ್ಕರ ನಾನು ಮೆಟ್ಟಿಲು ಒಡೆದ್ನಾ?"

"ನಾನು ಹೇಳಿದ್ನಲ್ಲಪ್ಪ, ಗ್ರಹ ಅಂತ."

"ಹೇಳಿದ್ರಿ ರೀ! ಆದ್ರೆ ಕಚೇರಿಯವರು ನಿಜ ಹೇಳ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಕೋರ್ಟಿಗೆ ಹೋಗ್ತೀವಿ!" ಎಂದು ಬೇಕರಿಯವನು ಕೂಗಿದ. "ಆಗಲಿ, ಹೋಗೋಣ!" ಎಂದರು ಹಲ್ಲಿನ ಡಾಕ್ಟರು.

ಕೋರ್ಟು ಎಂಬ ಮಾತಿಗೆ ಆಯುಕ್ತರು ಚುರುಕಾದರು. "ಮೊದಲು ಅಳತೆ ಸರಿ ಇದೆಯೋ ಇಲ್ಲವೋ ನೋಡೋಣ" ಎಂದರು.

ಅಕ್ಕನ ಮಗ ಈ ಮಾತಿಗೇ ಕಾದಿದ್ದವನಂತೆ ಸ್ಕೂಟರಿನಿಂದ ಟೇಪು ತಂದ. ಸೂರ್ಯನ ಹಳದಿ ಬಟ್ಟೆಗೆ ಸೊನ್ನೆಯನ್ನು ಒತ್ತಿ ಹಿಡಿಯಲು ಡ್ರೈವರಿಗೆ ಹೇಳಿ, ತಾನು ಮೊದಲ ಗೂಟದ ತನಕ ನಡೆದ.

"ನಲವತ್ತೊಂದೂವರೆ!" ಎಂದು ಅಲ್ಲಿಂದಲೇ ಸಾರಿದ. "ನಲವತ್ತೆರಡು ಅಂತ ಬರೆದಿದ್ದಾರೆ. ಅರ್ಧ ಮೀಟರ್ ತಪ್ಪು ಸರ್! ಹತ್ತೊಂಬತ್ತು ವರ್ಷ ಕೆಲಸ ಮಾಡಿ!"

ದೊಡ್ಡಕ್ಕ ಗುಂಪಿನಲ್ಲಿ ಯಾರಿಗೋ, "ನಾನು ಅವತ್ತೇ ಅಂದಿದ್ದೆ" ಎಂದದ್ದು ಎಲ್ಲರಿಗೂ ಕೇಳಿಸಿತು.

"ಮೇಲ್ಮೈಯಿಂದ ಅಳೀಬಾರದು ಸರ್" ಎಂದಳು ಟೇಪಮ್ಮ. "ಸೂರ್ಯನ ನಡುವಿನಿಂದ ಅಳೀಬೇಕು. ಪುಸ್ತಕದಲ್ಲಿ ಹಾಗಿದೆ."

"ನಡುವಿಗೆ ಟೇಪು ಹೋಗೋದು ಹೇಗೆ ಮೇಡಂ? ಸೂರ್ಯನ ಒಳಗೆ ಯಾರು ಹೋಗ್ತಾರೆ?"

ಟೇಪಮ್ಮ ಗಂಡನ ಕಡೆ ನೋಡಿದಳು. ಗಂಡ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ, ತೂಗುತ್ತಿದ್ದ ಸೂರ್ಯನ ಕೆಳಗೆ ಬಗ್ಗಿ, ಬಟ್ಟೆ ಹೊಲಿಯದೆ ಬಿಟ್ಟಿದ್ದ ಕಂಡಿಯಿಂದ ತಲೆ, ಭುಜ, ಕೈಗಳನ್ನೆಲ್ಲ ಒಳಗೆ ತೂರಿಸಿದ. ಹೊರಗೆ ಉಳಿದದ್ದು ಎರಡು ಕಾಲುಗಳು ಮಾತ್ರ. ಟೇಪಿನ ಸೊನ್ನೆ ಅವನೊಡನೆ ಒಳಗೆ ಹೋಯಿತು.

"ಒಳಗೆ ಯಾರು?" ಎಂದು ಆಯುಕ್ತರು ಕೇಳಿದರು.

"ನಮ್ಮವರು ಸರ್."

"ಶನಿವಾರವೂ ಅವರೇ ಹೋಗಿದ್ರಾ?"

"ಹೌದು ಸರ್" ಎಂದು ಸೂರ್ಯನೇ ಉತ್ತರ ಕೊಟ್ಟ. "ಚೆನ್ನಾಗಿದ್ದೀರಾ ಸರ್?"

"ರೀ, ಕೈಯೆತ್ತಬೇಡಿ!" ಎಂದಳು ಟೇಪಮ್ಮ.

ಈ ಸಲ ಆಯುಕ್ತರೇ ಮೊದಲ ಗೂಟದ ತನಕ ನಡೆದು, ಅಕ್ಕನ ಮಗನ ಭುಜದ ಮೇಲಿಂದ ಬಗ್ಗಿ ನೋಡಿದರು. ಅಕ್ಕನ ಮಗ ಏನೂ ಓದಲಿಲ್ಲ. ಆಯುಕ್ತರೇ ಗಟ್ಟಿಯಾಗಿ ಓದಿದರು. "ನಲವತ್ತೆರಡು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ."

ಅವರು ನೆಟ್ಟಗಾದರು. ಅಲ್ಲಿಂದ ಬೀದಿಯ ಉದ್ದಕ್ಕೆ ಇನ್ನೊಂದು ಸಲ ಕಣ್ಣು ಹಾಯಿಸಿದರು. ಮೆಟ್ಟಿಲುಗಳಿಲ್ಲ, ಶೀಟುಗಳಿಲ್ಲ, ಗಾಜಿಲ್ಲ. ಹನ್ನೊಂದು ವರ್ಷ, ನಾಲ್ಕು ಆಯುಕ್ತರು, ಒಂದು ಯಂತ್ರ ಸೇರಿ ಮಾಡಲಾರದ ಕೆಲಸ ಒಂದೇ ಭಾನುವಾರದಲ್ಲಿ ಮುಗಿದು, ಕಲ್ಲುಗಳನ್ನು ಒತ್ತುವರಿ ಮಾಡಿದವರೇ ಓರಣವಾಗಿ ಜೋಡಿಸಿಟ್ಟಿದ್ದರು. ಅವರು ದೂರಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ವೇದಿಕೆ ಹತ್ತಿದರು. ಕಚೇರಿಯು ಬಹಳ ಕಾಲದಿಂದ ಯೋಚಿಸಿಕೊಂಡು ಬಂದಿದ್ದ ವೈಜ್ಞಾನಿಕ ರಸ್ತೆ ಅಗಲೀಕರಣದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಬೀದಿಯವರು ಸ್ವಂತ ಇಚ್ಛೆಯಿಂದ ಗ್ರಹಗಳಿಗೆ ದಾರಿ ಬಿಟ್ಟುಕೊಟ್ಟದ್ದನ್ನು ಇತಿಹಾಸ ಮರೆಯುವುದಿಲ್ಲ ಎಂದರು. ಇಸ್ತ್ರಿಯವನಿಗೆ ಹಾರ ಹಾಕಿದರು. ಹಾರ ಕೊರಳಿಗೆ ಬಿದ್ದ ಮೇಲೆ ಕೋರ್ಟಿಗೆ ಹೋಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿದು, ಕಾರು ಹತ್ತುವ ಮುಂಚೆ ಆಯುಕ್ತರು ಅಳತೆ ವಿಭಾಗದ ಇಬ್ಬರನ್ನೂ ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರು.

"ಹಳೇ ಮಾರುಕಟ್ಟೆ ಬೀದಿ ಇದಕ್ಕಿಂತ ಇಕ್ಕಟ್ಟು. ಆಸ್ಪತ್ರೆ ಬೀದಿ ಇನ್ನೂ ಕಷ್ಟ. ಇನ್ನೆಷ್ಟು ಗ್ರಹಗಳಿವೆ?"

"ಬೇಕಾದಷ್ಟಿವೆ ಸರ್" ಎಂದ ಅಕ್ಕನ ಮಗ ತಡಮಾಡದೆ. "ಹದಿನಾಲ್ಕಂತೂ ಖಂಡಿತ. ಒಂದು ವಾರದಲ್ಲಿ ಹಾಕಿಸ್ತೀನಿ."

ಆಯುಕ್ತರು ಟೇಪಮ್ಮನ ಕಡೆ ತಿರುಗಿದರು. ಅವಳಿಗೆ ಆ ಕುರ್ಚಿ, ಮೇಜು, ಹೆಸರಿನ ಫಲಕ ಎಲ್ಲ ಕಣ್ಣ ಮುಂದೆ ಬಂದವು. ಒಂದು ಹದಿನೈದು ಎಂದರೆ ಸಾಕಿತ್ತು.

"ಎಂಟೇ ಸರ್" ಎಂದಳು. "ಎಂಟನ್ನೂ ಹಾಕಿ ಆಯ್ತು."

"ನಾನು ಓದುವಾಗ ಒಂಬತ್ತಿತ್ತಲ್ಲ?"

"ಒಂದನ್ನ ಪಟ್ಟಿಯಿಂದ ತೆಗೆದಿದ್ದಾರೆ ಸರ್. ಗ್ರಹ ಅನ್ನೋಕಾಗಲ್ಲ ಅಂತ."

"ತೆಗೆದಿದ್ದಾರಾ? ನೋಟಿಸು ಕೊಟ್ಟಿದ್ರಾ ಅದಕ್ಕೆ?"

"ಗೊತ್ತಿಲ್ಲ ಸರ್. ಅದು ಈಗಲೂ ಸುತ್ತುತ್ತಾನೇ ಇದೆ."

"ಅಂದ್ರೆ ದಿನಗೂಲಿ" ಎಂದರು ಆಯುಕ್ತರು, ವಿಷಯ ಅರ್ಥವಾದವರಂತೆ. "ಅದನ್ನಾದರೂ ಮಾರುಕಟ್ಟೆ ಬೀದಿಗೆ ಹಾಕಬಹುದಲ್ಲ?"

"ಆಗಲ್ಲ ಸರ್. ಅದರ ಜಾಗ ಅಲ್ಲಿಲ್ಲ."

ಇಂಥ ಉತ್ತರ ಕೊಟ್ಟವರಿಗೆ ಏನಾಗುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅಕ್ಕನ ಮಗ ಅದನ್ನು ನೆನೆದೇ ಮುಗುಳ್ನಕ್ಕ. ಆಯುಕ್ತರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ಅವನನ್ನು ಕೇಳಿದರು.

"ನಿಮ್ಮ ಹದಿನಾಲ್ಕರ ಹೆಸರು ಹೇಳಿ, ನೋಡೋಣ."

ಅಕ್ಕನ ಮಗ ಬೆರಳು ಮಡಿಸುತ್ತ ಹೋದ. ಏಳನೆಯದರಲ್ಲಿ ಚಂದ್ರ ಬಂದ. ಎಂಟನೆಯದಕ್ಕೆ ಸೂರ್ಯನೇ ಬಂದ. ಒಂಬತ್ತನೆಯದಕ್ಕೆ ಬೆರಳು ಹಾಗೇ ನಿಂತಿತು.

"ಇರಲಿ, ಇರಲಿ" ಎಂದರು ಆಯುಕ್ತರು ಮೃದುವಾಗಿ. "ನಾಳೆ ಈ ಜನ ನಿಜವಾಗಿ ಕೋರ್ಟಿಗೆ ಹೋದರೆ ಎಂಟರ ತನಕ ಪಠ್ಯಪುಸ್ತಕ ನಮ್ಮ ಪರ ನಿಲ್ಲುತ್ತೆ. ಒಂಬತ್ತನೇದಕ್ಕೆ ನಾನು ಯಾರನ್ನು ನಿಲ್ಲಿಸಲಿ? ಹದಿನಾಲ್ಕು ಅನ್ನೋರು ಯೋಜನಾ ವಿಭಾಗಕ್ಕೆ ಬೇಕು. ಎಂಟು ಅನ್ನೋರು ಅಳತೆಗೆ ಬೇಕು."

ಕಾರು ಹೊರಟಿತು. ಸೂರ್ಯನ ಒಳಗಿನಿಂದ ಹೊರಗೆ ಬಾ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಗಂಡ ಇನ್ನೂ ಅಲ್ಲೇ ಇದ್ದ. ಟೇಪಮ್ಮ ಹೋಗಿ ಅವನನ್ನು ಬಿಡಿಸಿದಳು.

ಮನೆಗೆ ಹೋಗುವಾಗ ದೊಡ್ಡಕ್ಕ ಬಯಲಾದ ಅಂಗಳದಲ್ಲಿ ಕುರ್ಚಿ ಹಾಕಿ, ನಾಲ್ಕನೇ ಗೂಟದ ಪಕ್ಕದಲ್ಲಿ ಕೂತಿದ್ದರು. ಗಾಜು ಹೋದ ಮೇಲೆ ಬೀದಿ ಮುಂಚಿಗಿಂತ ಚೆನ್ನಾಗಿ ಕಾಣುತ್ತದೆಂದು ಅವರಿಗೆ ಆಗಲೇ ತಿಳಿದುಹೋಗಿತ್ತು. ಎದುರು ಮನೆಯವಳಿಗೆ ಹೇಳುತ್ತಿದ್ದರು: "ಮಂಗಳ ನಮ್ಮದು. ನಿಮ್ಮ ಕಡೆ ಒಂದೂ ಇಲ್ಲ ಅಲ್ವಾ? ಪಾಪ."

ಮೂರನೇ ದಿನ ಟೇಪಮ್ಮನ ಕೈಗೆ ಆದೇಶದ ಪ್ರತಿ ಬಂತು. ಅದರಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯ ಸಾಲಿನಲ್ಲಿ, ಹಾಜರಿ ಪುಸ್ತಕದಲ್ಲಿದ್ದ ಆ ಹೆಸರನ್ನು ಪೂರ್ತಿಯಾಗಿ ಬರೆದು, ಅವಳನ್ನು ಹಿರಿಯ ಅಳತೆಗಾರರ ಹುದ್ದೆಗೆ ನೇಮಿಸಲಾಗಿತ್ತು. ಎರಡನೆಯದು ಹೀಗಿತ್ತು: "ಸದರಿಯವರ ವರದಿಯನ್ನು ಪರಿಶೀಲಿಸಲಾಗಿ, ಗ್ರಹಗಳ ಸಂಖ್ಯೆಯನ್ನು ಮುಂದಿನ ಆದೇಶದವರೆಗೆ ಎಂಟಕ್ಕೇ ಸೀಮಿತಗೊಳಿಸಲಾಗಿದೆ."